ವೈಫಲ್ಯದ ದಾರಿ: ಕರ್ನೆಲ್ ಬರೆಯುವವರ ಕಸುಬಿನ ಒಂದು ಚರಿತ್ರೆ

ಕೊಳ್ಳೇಗಾಲ, ಹನೂರು, ಯಳಂದೂರು ಒಂದಕ್ಕೊಂದು ಅಂಟಿಕೊಂಡ ತಾಲ್ಲೂಕುಗಳಾದರೂ ಅಲ್ಲಿನ ಜಮೀನಿನ ಲೆಕ್ಕ ಬರೆದ ಕೈಗಳು ಬೇರೆ ಬೇರೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಸೀಮೆ. ಕೊಳ್ಳೇಗಾಲ, ಆಗ ಅದರೊಳಗೇ ಇದ್ದ ಹನೂರಿನ ಸಮೇತ, 1956ರ ನವೆಂಬರ್ 1ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈ ಎರಡು ಬಗೆಯ ಲೆಕ್ಕವೂ ಕೊನೆಗೆ ಒಂದೇ ನಮೂನೆಯ ಪಹಣಿಗೆ ಬಂದು ಸೇರಿತು, ಆ ಪಹಣಿ ಕಂಪ್ಯೂಟರಿಗೆ ಸೇರಿತು. 2000ದ ಆಸುಪಾಸಿನಲ್ಲಿ ಶುರುವಾದ ‘ಭೂಮಿ’ ಯೋಜನೆ ಕೆಲವೇ ವರ್ಷಗಳಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಬಿಡಿಸಿ ತಂದಿತು. ಮೊದಲಿಗೆ ತಾಲ್ಲೂಕು ಕಚೇರಿಯಲ್ಲೇ ಒಂದು ಸರ್ವರ್ ಇರುತ್ತಿತ್ತು. ಆಮೇಲೆ ಆ ದತ್ತಾಂಶ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಇವತ್ತಿನ ದತ್ತಾಂಶ ಕೇಂದ್ರಗಳಲ್ಲಿ ಒಂದು ಇಲಾಖೆಗೆ ಒಂದು ಯಂತ್ರ ಎಂಬ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ. ಒಂದು ದೊಡ್ಡ ಯಂತ್ರದೊಳಗೆ ಹತ್ತಾರು ವರ್ಚುವಲ್ ಮೆಷಿನ್‌ಗಳು, ಅಂದರೆ ತನಗೇ ಒಂದು ಯಂತ್ರವಿದೆ ಎಂದು ನಂಬಿ ಓಡುವ ವ್ಯವಸ್ಥೆಗಳು, ಒಟ್ಟಿಗೆ ಬದುಕುತ್ತವೆ. ಪಹಣಿಗಾಗಿ ನಾಡಕಚೇರಿಯ ಸಾಲಿನಲ್ಲಿ ನಿಂತ ರೈತನಿಗೆ ಇದು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಆದರೆ ಇಂಥ ಏರ್ಪಾಡಿನ ಮೇಲೆ ನಿಂತ ಯಾವ ದಾಖಲೆಯೇ ಆಗಲಿ, ಅದರ ಭದ್ರತೆ ಆ ದೊಡ್ಡ ಯಂತ್ರದ ಕರ್ನೆಲ್ಲಿನಲ್ಲಿ ಯಾರೋ ಬರೆದ, ಹೆಚ್ಚುಕಡಿಮೆ ಎಂದೂ ಓಡದ ಕೆಲವು ಸಾಲುಗಳ ಮೇಲೆ ನಿಂತಿರುತ್ತದೆ. ಆ ಸಾಲುಗಳ ಚರಿತ್ರೆಯೇ ಈ ಬರಹದ ವಿಷಯ.

ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು. ಮೆಮೊರಿಯನ್ನು ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಯಾವಾಗ ವಾಪಸು ಪಡೆಯಬೇಕು ಎಂದು ತೀರ್ಮಾನಿಸುವುದು ಅದೇ. ಕೇಳಿದ್ದೆಲ್ಲ ಸಿಕ್ಕಾಗ ಕೋಡ್ ಹಿಡಿಯುವ ದಾರಿ ಒಂದು. ಕೇಳಿದ್ದು ಸಿಗದಿದ್ದಾಗ, ಅರ್ಧ ಕೆಲಸವಾಗಿ ನಿಂತಾಗ, ಅಲ್ಲಿಯವರೆಗೆ ಹಿಡಿದುಕೊಂಡಿದ್ದನ್ನೆಲ್ಲ ಬಿಟ್ಟುಕೊಟ್ಟು ಹಿಂದೆ ಸರಿಯುವ ದಾರಿ ಇನ್ನೊಂದು. ಈ ಎರಡನೆಯದನ್ನು ವೈಫಲ್ಯದ ದಾರಿ ಎನ್ನೋಣ. ಅರ್ಧ ಶತಮಾನಕ್ಕೂ ಹೆಚ್ಚಿನ ಈ ಕಸುಬಿನ ಚರಿತ್ರೆಯನ್ನು ನೋಡಿದರೆ ಒಂದು ಮಾತು ಖಚಿತವಾಗುತ್ತದೆ ಎಂಬುದು ನನ್ನ ವಾದ: ವೈಫಲ್ಯದ ದಾರಿ ಸುಧಾರಿಸಿದ್ದು ಬರೆಯುವವರು ಹೆಚ್ಚು ಜಾಗರೂಕರಾದದ್ದರಿಂದ ಅಲ್ಲ, ವೈಫಲ್ಯವನ್ನು ಬೇಕೆಂದೇ ಹುಟ್ಟಿಸಿ ಆ ದಾರಿಯಲ್ಲಿ ಕೋಡನ್ನು ನಡೆಸಿದಾಗ. ಹಾಗೆ ವೈಫಲ್ಯ ಹುಟ್ಟಿಸುವ ಸಾಧನಗಳಲ್ಲಿ ಒಂದರ ಬೇರು ಬೆಂಗಳೂರಿನಲ್ಲೂ ಇದೆ. ಓದಿ ಪರಿಶೀಲಿಸುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದರ ಕೆಲಸ ಬೇರೆ, ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲ ಅಧ್ಯಾಯ ಮಲ್ಟಿಕ್ಸ್‌ನದು. 1960ರ ದಶಕದ ನಡುವೆ ಎಂಐಟಿ, ಜನರಲ್ ಎಲೆಕ್ಟ್ರಿಕ್, ಬೆಲ್ ಲ್ಯಾಬ್ಸ್ ಕೂಡಿ ಕಟ್ಟಲು ಹೊರಟ ಆ ವ್ಯವಸ್ಥೆ ನೂರಾರು ಜನರಿಗೆ ಏಕಕಾಲಕ್ಕೆ ನಿಲ್ಲದೆ ಸೇವೆ ಕೊಡಬೇಕೆಂಬ ಆಸೆ ಹೊತ್ತಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂದಿತು. ಅಲ್ಲಿನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯೂನಿಕ್ಸ್ ಕಟ್ಟಿದರು. ಮಲ್ಟಿಕ್ಸ್‌ನಲ್ಲಿ ದುಡಿದ ಟಾಮ್ ವ್ಯಾನ್ ವ್ಲೆಕ್ ದಾಖಲಿಸಿರುವ ಒಂದು ಮಾತುಕತೆ ಈ ಕಸುಬಿನವರಲ್ಲಿ ಬಹಳ ಪ್ರಸಿದ್ಧ. ತಾನು ಬರೆಯುವ ಕೋಡಿನಲ್ಲಿ ಅರ್ಧದಷ್ಟು ತಪ್ಪಿನಿಂದ ಚೇತರಿಸಿಕೊಳ್ಳಲೆಂದೇ ಇದೆ ಎಂದು ಅವರು ರಿಚಿಗೆ ಹೇಳಿದರಂತೆ. ಯೂನಿಕ್ಸ್‌ನಲ್ಲಿ ಅದನ್ನೆಲ್ಲ ಬಿಟ್ಟುಬಿಟ್ಟಿದ್ದೇವೆ, ತಪ್ಪಾದರೆ ‘ಪ್ಯಾನಿಕ್’ ಎಂಬ ಒಂದು ರೂಟೀನ್ ಯಂತ್ರವನ್ನು ನಿಲ್ಲಿಸುತ್ತದೆ, ಪಡಸಾಲೆಯಲ್ಲಿ ನಿಂತು ಯಾರಿಗಾದರೂ ಕೂಗಿ ಮತ್ತೆ ಶುರು ಮಾಡಿಸಿದರಾಯಿತು ಎಂಬುದು ರಿಚಿಯ ಉತ್ತರದ ಸಾರ. ಇದನ್ನು ಅನೇಕರು ಯೂನಿಕ್ಸ್‌ನ ಸರಳತೆಯ ಜಾಣ್ಮೆಗೆ ಸಾಕ್ಷಿಯಾಗಿ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಯಂತ್ರವಿದ್ದಾಗ, ಅದನ್ನು ಬಳಸುವವರು ಒಂದೇ ಕಟ್ಟಡದ ಸಹೋದ್ಯೋಗಿಗಳಾಗಿದ್ದಾಗ ಆ ತೀರ್ಮಾನ ಸರಿಯಾಗಿತ್ತು. ಯಂತ್ರ ದೂರವಾದಂತೆ, ಬಳಸುವವರು ಅಪರಿಚಿತರಾದಂತೆ ಅದರ ಬೆಲೆ ಏರಿತು. ಯೂನಿಕ್ಸ್ ವಂಶ ಆ ಬೆಲೆಯನ್ನು ಮುಂದಿನ ಹಲವು ದಶಕ ಕಂತುಕಂತಾಗಿ ಕಟ್ಟಿತು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಅದೇ ವಂಶದ ಸಿ ಭಾಷೆಯಲ್ಲಿದೆ. ಸಿ ಭಾಷೆಯಲ್ಲಿ ವೈಫಲ್ಯವನ್ನು ಹೇಳುವ ಪ್ರತ್ಯೇಕ ಏರ್ಪಾಡಿಲ್ಲ. ಫಂಕ್ಷನ್ ಒಂದು ಸಂಖ್ಯೆಯನ್ನು ಹಿಂದಿರುಗಿಸುತ್ತದೆ, ಕರ್ನೆಲ್ಲಿನ ರೂಢಿಯಲ್ಲಿ ಆ ಸಂಖ್ಯೆ ಋಣಾತ್ಮಕವಾಗಿದ್ದರೆ ಏನೋ ಕೆಟ್ಟಿದೆ ಎಂದರ್ಥ. ಕರೆದವನು ಆ ಸಂಖ್ಯೆಯನ್ನು ನೋಡಬಹುದು, ನೋಡದೆಯೂ ಇರಬಹುದು. ನೋಡಿದರೆ ಮುಂದಿನ ಕೆಲಸ ಬಿಚ್ಚುವುದು. ಒಂದು ಫಂಕ್ಷನ್ ಮೊದಲು ಒಂದು ಲಾಕ್ ಹಿಡಿದು, ಆಮೇಲೆ ಒಂದು ತುಂಡು ಮೆಮೊರಿ ಪಡೆದು, ಆಮೇಲೆ ಒಂದು ಫೈಲಿನ ಗುರುತನ್ನು ಪಡೆಯಲು ಹೋಗಿ ಅಲ್ಲಿ ಸೋತರೆ, ಮೊದಲು ಮೆಮೊರಿಯನ್ನು ಬಿಡಬೇಕು, ಆಮೇಲೆ ಲಾಕನ್ನು. ಪಡೆದ ಕ್ರಮಕ್ಕೆ ತಿರುವುಮುರುವಾಗಿ ಬಿಡುವ ಈ ಶಿಸ್ತಿಗೆ ಲಿನಕ್ಸ್‌ನವರು ‘ಗೋಟು’ ಎಂಬ ಆಜ್ಞೆಯನ್ನು ಬಳಸುತ್ತಾರೆ. ಫಂಕ್ಷನ್ನಿನ ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟ ಜಾಗಗಳಿರುತ್ತವೆ, ಎಲ್ಲಿ ಸೋತೆವೋ ಅದಕ್ಕೆ ತಕ್ಕ ಮೆಟ್ಟಿಲಿಗೆ ಹಾರಿ ಅಲ್ಲಿಂದ ಕೆಳಗಿಳಿಯಬೇಕು. ಪಾಠಪುಸ್ತಕಗಳು ಬೇಡವೆಂದ ಆ ಆಜ್ಞೆಯನ್ನು ಕರ್ನೆಲ್ಲಿನ ಬರವಣಿಗೆಯ ನಿಯಮಾವಳಿಯೇ ಈ ಒಂದು ಕೆಲಸಕ್ಕೆ ಒಪ್ಪುತ್ತದೆ. ಒಂದು ಮೆಟ್ಟಿಲು ತಪ್ಪಿದರೆ ಎರಡರಲ್ಲೊಂದು ಆಗುತ್ತದೆ: ಬಿಡಬೇಕಾದ್ದು ಬಿಡದೆ ಮೆಮೊರಿ ಸೋರುತ್ತದೆ, ಇಲ್ಲವೇ ಆಗಲೇ ಬಿಟ್ಟದ್ದನ್ನು ಮತ್ತೆ ಬಿಟ್ಟು ಬೇರೆಯವರ ಮೆಮೊರಿ ಕೆಡುತ್ತದೆ. ಮೊದಲನೆಯದು ಯಂತ್ರವನ್ನು ನಿಧಾನವಾಗಿ ಕೊಲ್ಲುತ್ತದೆ, ಎರಡನೆಯದು ಕಳ್ಳನಿಗೆ ಬಾಗಿಲು ತೆರೆಯುತ್ತದೆ.

ಈ ನಿರ್ಲಕ್ಷ್ಯ ಎಷ್ಟಿತ್ತು ಎಂಬುದಕ್ಕೆ ಊಹೆ ಬೇಡ, ಲೆಕ್ಕವಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಲಿನಕ್ಸ್‌ನ ಫೈಲ್ ಸಿಸ್ಟಮ್ ಮತ್ತು ಸ್ಟೋರೇಜ್ ಡ್ರೈವರ್ ಕೋಡನ್ನು ಯಂತ್ರದಿಂದಲೇ ಓದಿಸಿದರು. ತಪ್ಪಿನ ಸಂಕೇತ ಬರಬಹುದಾದ 9,022 ಕರೆಗಳಲ್ಲಿ 1,153 ಕಡೆ, ಅಂದರೆ ಸುಮಾರು ಶೇಕಡಾ 13ರಷ್ಟು ಕಡೆ, ಆ ಸಂಕೇತವನ್ನು ಯಾರೂ ನೋಡದೆ ಬಿಸಾಡಿದ್ದರು. ಟೊರಾಂಟೊ ವಿಶ್ವವಿದ್ಯಾಲಯದವರು 2014ರಲ್ಲಿ ದೊಡ್ಡ ವಿತರಿತ ವ್ಯವಸ್ಥೆಗಳ 198 ವೈಫಲ್ಯಗಳನ್ನು ಕೆದಕಿದಾಗ, ವ್ಯವಸ್ಥೆಯೇ ಕುಸಿದ ಪ್ರಕರಣಗಳಲ್ಲಿ ಶೇಕಡಾ 92ರಷ್ಟಕ್ಕೆ ಕಾರಣ ಮೂಲ ತಪ್ಪಲ್ಲ, ಆ ತಪ್ಪನ್ನು ಸಂಭಾಳಿಸಲು ಬರೆದ ಕೋಡಿನ ತಪ್ಪು ಎಂದು ಕಂಡಿತು. ಎರಡನೆಯದು ಕರ್ನೆಲ್ಲಿನ ಅಧ್ಯಯನವಲ್ಲ, ನಿಜ. ಆದರೂ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ರೋಗ ಒಂದೇ ಎನಿಸುತ್ತದೆ. ಬರೆದವರು ದಡ್ಡರಾಗಿರಲಿಲ್ಲ. ಗೆಲುವಿನ ದಾರಿಯನ್ನು ದಿನಕ್ಕೆ ಕೋಟಿ ಸಲ ಯಂತ್ರವೇ ಪರೀಕ್ಷಿಸುತ್ತದೆ, ಸೋಲಿನ ದಾರಿಯನ್ನು ಪರೀಕ್ಷಿಸುವವರೇ ಇರುವುದಿಲ್ಲ.

ವರ್ಚುವಲ್ ಮೆಷಿನ್ನಿನ ಮೆಮೊರಿಗೆ ಬಂದರೆ ಈ ಕಷ್ಟ ಇಮ್ಮಡಿಯಾಗುತ್ತದೆ. ಒಂದೇ ಯಂತ್ರವನ್ನು ಹಲವಾಗಿ ತೋರಿಸುವ ವಿದ್ಯೆ ಹೊಸದಲ್ಲ. ಐಬಿಎಂ ತನ್ನ ಮೇನ್‌ಫ್ರೇಮ್‌ಗಳಲ್ಲಿ 1960ರ ದಶಕದಲ್ಲೇ ಅದನ್ನು ಸಾಧಿಸಿ 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತ್ತು. ಸಾಮಾನ್ಯ ಸರ್ವರ್‌ಗಳ ಚಿಪ್ಪಿಗೆ ಆ ಬಲ ಬಂದದ್ದು 2005-06ರಲ್ಲಿ. ಅದನ್ನು ಬಳಸಿ ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಆವಿ ಕಿವಿಟಿ ಬರೆದ, ವರ್ಚುವಲ್ ಮೆಷಿನ್ ಓಡಿಸುವ ಕೆವಿಎಂ, 2007ರ ಫೆಬ್ರುವರಿಯ ಲಿನಕ್ಸ್ 2.6.20ರಲ್ಲಿ ಕರ್ನೆಲ್ಲಿನ ಭಾಗವಾಯಿತು. ಇಲ್ಲಿ ಗೆಸ್ಟ್, ಅಂದರೆ ಒಳಗಿನ ವರ್ಚುವಲ್ ಮೆಷಿನ್, ತನ್ನದೆಂದು ತಿಳಿದ ಮೆಮೊರಿಯ ಒಂದೊಂದು ತುಂಡಿನ, ಅಂದರೆ ಪೇಜಿನ, ಹಿಂದೆಯೂ ಹೋಸ್ಟ್ ಎಂಬ ಹೊರಗಿನ ಯಂತ್ರದ ಒಂದು ನಿಜವಾದ ಪೇಜು ಇರಬೇಕು. ಗೆಸ್ಟ್ ಒಂದು ವಿಳಾಸವನ್ನು ಮುಟ್ಟಿದಾಗ ಹೋಸ್ಟ್ ಅದನ್ನು ಒದಗಿಸಲಾಗದಿದ್ದರೆ ಏನು ಮಾಡಬೇಕು? ಪೇಜು ಡಿಸ್ಕಿನಲ್ಲಿದ್ದರೆ ಕಾಯಬೇಕು. ಆ ವಿಳಾಸಕ್ಕೆ ಮೆಮೊರಿಯನ್ನೇ ಜೋಡಿಸಿಲ್ಲದಿದ್ದರೆ ಅದು ಬಹುಶಃ ಯಾವುದೋ ಸಾಧನದ ವಿಳಾಸ, ಬೇರೆಯೇ ಉಪಚಾರ ಬೇಕು. ಚಿಪ್ಪಿನಲ್ಲೇ ದೋಷ ಹುಟ್ಟಿ ಆ ಪೇಜು ಕೆಟ್ಟಿದ್ದರೆ ಇನ್ನೂ ಸೂಕ್ಷ್ಮ: ಕೆಟ್ಟ ಪೇಜನ್ನು ಗುರುತಿಸಿ ಬದಿಗಿಡುವ ಏರ್ಪಾಡು 2009ರ ಕೊನೆಯ 2.6.32ರಲ್ಲಿ ಬಂತು, ಅದರ ಮರುವರ್ಷ ಕೆವಿಎಂ ಆ ಸುದ್ದಿಯನ್ನು ವರ್ಚುವಲ್ ಮೆಷಿನ್ ನಡೆಸುವ ಹೊರಗಿನ ಪ್ರೋಗ್ರಾಮಿಗೆ ದಾಟಿಸುವುದನ್ನು ಕಲಿಯಿತು. ಆ ಪ್ರೋಗ್ರಾಮ್ ಅದನ್ನು ಗೆಸ್ಟಿಗೆ ಒಂದು ಹಾರ್ಡ್‌ವೇರ್ ದೋಷವೆಂಬಂತೆ ತಿಳಿಸಿ, ಗೆಸ್ಟ್ ತನ್ನೊಳಗಿನ ಒಂದು ಕೆಲಸವನ್ನು ಮಾತ್ರ ಕೈಬಿಟ್ಟು ಬದುಕಿಕೊಳ್ಳಲು ಅವಕಾಶ ಕೊಡುತ್ತದೆ. ಮೂರು ಪದರ ದಾಟುವ ಈ ವೈಫಲ್ಯದ ದಾರಿಯಲ್ಲಿ ಯಾವ ಪದರ ಏನನ್ನು ಹಿಡಿದುಕೊಂಡಿದೆ ಎಂಬುದು ಬರೆದವರಿಗೂ ತಟ್ಟನೆ ನೆನಪಿಗೆ ಬಾರದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಷ್ಟು ಕಷ್ಟವೇಕೆ, ರಿಚಿ ಹೇಳಿದಂತೆ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸಾಲದೆ? ಈ ವಾದಕ್ಕೆ ಪಂಡಿತರ ಬೆಂಬಲವೂ ಇದೆ. ಸ್ಟ್ಯಾನ್‌ಫರ್ಡಿನ ಜಾರ್ಜ್ ಕ್ಯಾಂಡಿಯ, ಅರ್ಮಾಂಡೊ ಫಾಕ್ಸ್ 2003ರಲ್ಲಿ, ಕುಸಿದು ಮತ್ತೆ ಏಳುವುದೊಂದೇ ನಿಲ್ಲುವ-ಶುರುವಾಗುವ ದಾರಿಯಾಗಿರುವಂತೆ ಸಾಫ್ಟ್‌ವೇರನ್ನು ಕಟ್ಟಬೇಕೆಂದರು. ಚೇತರಿಕೆಯ ದಾರಿ ಆಗ ದಿನವೂ ಓಡುವ ದಾರಿಯೇ ಆಗುತ್ತದೆ ಎಂಬುದು ಅದರ ಸೊಗಸು. ಆ ಸೊಗಸನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅದು ನನ್ನ ವಾದವೇ. ಆದರೆ ಆ ವಿಧಾನಕ್ಕೆ ಒಂದು ಷರತ್ತಿದೆ: ಕುಸಿಯುವ ಘಟಕ ಚಿಕ್ಕದಿರಬೇಕು, ಅದನ್ನು ಎಬ್ಬಿಸುವವರು ಹೊರಗಿರಬೇಕು. ಗೆಸ್ಟ್ ಒಂದನ್ನು ಹಾಗೆ ಬೀಳಿಸಬಹುದು, ಹೋಸ್ಟ್ ಅದನ್ನು ಎಬ್ಬಿಸುತ್ತದೆ. ಹೋಸ್ಟ್ ಕರ್ನೆಲ್ಲೇ ಬಿದ್ದರೆ ಅದರ ಮೇಲಿದ್ದ ಅಷ್ಟೂ ಗೆಸ್ಟ್‌ಗಳು, ತಪ್ಪೇನೂ ಮಾಡದವೂ ಸೇರಿ, ಒಟ್ಟಿಗೆ ಬೀಳುತ್ತವೆ. ಒಬ್ಬ ಬಾಡಿಗೆದಾರ ಕೇಳಿದ ಒಂದಿಷ್ಟು ಮೆಮೊರಿ ಸಿಗಲಿಲ್ಲವೆಂದು ಪಕ್ಕದವರ ಕೆಲಸ ಹಾಳಾಗುವುದನ್ನು ಯಾವ ನ್ಯಾಯವೂ ಒಪ್ಪದು. ಯಂತ್ರವನ್ನೇ ನಿಲ್ಲಿಸುವ ಆಜ್ಞೆಗಳನ್ನು ಹೊಸ ಕೋಡಿನಲ್ಲಿ ಬಳಸಬೇಡಿ ಎಂದು ಲಿನಕ್ಸ್‌ನ ದಾಖಲೆಗಳೇ ಈಗ ಹೇಳುತ್ತಿರುವುದಕ್ಕೆ ಇದೇ ಹಿನ್ನೆಲೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಮೆಮೊರಿ ಸಿಗದೆ ಹೋಗುವುದು ಅಪರೂಪ; ಅಪರೂಪದ್ದಕ್ಕೆ ಇಷ್ಟು ದುಡಿಮೆ ಏಕೆ? ಇದಕ್ಕೆ ಉತ್ತರ 2014ರ ಕೊನೆಯಲ್ಲಿ ಲಿನಕ್ಸ್ ಬಳಗದಲ್ಲಿ ನಡೆದ ಒಂದು ಚರ್ಚೆಯಲ್ಲಿದೆ. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದ ಪ್ರಸಂಗ ಅದೇ ಎಂಬುದು ನನ್ನ ಎಣಿಕೆ. ಕರ್ನೆಲ್ ತನ್ನೊಳಗಿನ ಸಣ್ಣ ಬೇಡಿಕೆಗಳನ್ನು, ಎಂಟು ಪೇಜುಗಳವರೆಗಿನವನ್ನು, ಅಂದರೆ ಸಾಮಾನ್ಯ ಯಂತ್ರಗಳಲ್ಲಿ 32 ಕಿಲೋಬೈಟ್‌ವರೆಗಿನವನ್ನು, ಬಹುಪಾಲು ನಿರಾಕರಿಸುವುದೇ ಇಲ್ಲ. ಮೆಮೊರಿ ಬಿಡುವಾಗುವ ತನಕ ಒಳಗೊಳಗೇ ಮತ್ತೆ ಮತ್ತೆ ಯತ್ನಿಸುತ್ತದೆ, ಬೇಕಾದರೆ ಯಾವುದಾದರೂ ಪ್ರಕ್ರಿಯೆಯನ್ನು ಕೊಂದು ಜಾಗ ಮಾಡುತ್ತದೆ. ಈ ಸಂಗತಿ ಅನೇಕ ಹಳೆಯ ಕರ್ನೆಲ್ ಬರಹಗಾರರಿಗೂ ಆವರೆಗೆ ಸ್ಪಷ್ಟವಿರಲಿಲ್ಲ. ಪ್ರತಿ ಬೇಡಿಕೆಯೂ ಸೋಲಬಹುದೆಂದು ತಿಳಿದು ಅವರು ಸಾವಿರಾರು ಕಡೆ ವೈಫಲ್ಯದ ದಾರಿ ಬರೆದಿದ್ದರು; ಆ ದಾರಿಗಳಲ್ಲಿ ಬಹಳಷ್ಟು ಒಮ್ಮೆಯೂ ಓಡಿರಲಿಲ್ಲ. ಹಾಗಾದರೆ ನಿಯಮ ಬದಲಿಸಿ, ಸಿಗದಿದ್ದರೆ ಸಿಗಲಿಲ್ಲವೆಂದೇ ಹೇಳಿಬಿಡೋಣ ಎಂದಾಗ ಎದುರಾದ ಭಯ ಇದು: ಪರೀಕ್ಷೆಯನ್ನೇ ಕಾಣದ ಅಷ್ಟೂ ದಾರಿಗಳು ಒಮ್ಮೆಲೇ ಓಡತೊಡಗಿದರೆ ಏನೇನು ಕುಸಿಯುತ್ತದೋ. ದಾರಿ ಓಡದೆ ಕೆಟ್ಟಿತು. ಕೆಟ್ಟದ್ದರಿಂದಲೇ ಅದನ್ನು ಓಡಿಸುವ ಧೈರ್ಯ ಬರಲಿಲ್ಲ.

ಯಳಂದೂರು ಸೀಮೆಯ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬರದ ವರ್ಷಗಳು ಸಾಲಾಗಿ ಬಂದರೆ ಕೆರೆಯ ತೂಬನ್ನು ಎಲ್ಲರೂ ನೋಡಿಕೊಳ್ಳುತ್ತಾರೆ, ಕೋಡಿಯನ್ನು ಯಾರೂ ನೋಡುವುದಿಲ್ಲ. ಕೋಡಿಹಳ್ಳದಲ್ಲಿ ಜಾಲಿ ಬೆಳೆಯುತ್ತದೆ, ಹೂಳು ಕೂರುತ್ತದೆ, ಅಂಚಿನ ಹೊಲ ಒಂದೊಂದೇ ಸಾಲು ಒಳಕ್ಕೆ ಸರಿಯುತ್ತದೆ. 2022ರ ಮಳೆಗಾಲದಲ್ಲಿ ಸುವರ್ಣಾವತಿ ಹೊಳೆಯ ಬಯಲಿನ ಕೆರೆಗಳು ತುಂಬಿ ಕೋಡಿ ಬಿದ್ದಾಗ ನೀರು ಗದ್ದೆಗೂ ಊರಿಗೂ ನುಗ್ಗಿತು. ತುಂಬುವುದು ಅಪರೂಪ ಎಂಬ ಮಾತು ಕೋಡಿಯನ್ನು ಕಡೆಗಣಿಸಲು ಕಾರಣವಾಗಲಾರದು. ಅಪರೂಪವಾದ್ದರಿಂದಲೇ ಅದನ್ನು ಪ್ರಯತ್ನಪೂರ್ವಕ ನೋಡಿಕೊಳ್ಳಬೇಕಾಗುತ್ತದೆ.

ಹಾಗೆ ಪ್ರಯತ್ನಪೂರ್ವಕ ನೋಡಿಕೊಳ್ಳುವ ಸಾಧನ ಲಿನಕ್ಸ್‌ಗೆ ಬಂದದ್ದು ಕೆವಿಎಂ ಬಂದ ಅದೇ 2.6.20ರಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಅಕಿನೋಬು ಮಿಟ ಬರೆದ ಆ ಏರ್ಪಾಡಿನ ಕೆಲಸ, ಮೆಮೊರಿ ಇದ್ದರೂ ಇಲ್ಲವೆಂದು ಆಗಾಗ ಸುಳ್ಳು ಹೇಳುವುದು. ಹತ್ತರಲ್ಲಿ ಒಂದು ಸಲವೋ ನೂರರಲ್ಲಿ ಒಂದು ಸಲವೋ ಎಂದು ನಾವು ಗೊತ್ತು ಮಾಡಿದಂತೆ ಬೇಡಿಕೆಗಳು ಸೋಲುತ್ತವೆ, ಕೋಡ್ ಅನಿವಾರ್ಯವಾಗಿ ವೈಫಲ್ಯದ ದಾರಿ ಹಿಡಿಯುತ್ತದೆ. ಮೊದಮೊದಲು ಇದು ಅದೃಷ್ಟದ ಆಟವಾಗಿತ್ತು, ಯಾವ ಬೇಡಿಕೆ ಸೋಲುತ್ತದೆಂದು ಹೇಳಲಾಗುತ್ತಿರಲಿಲ್ಲ. 2017ರಲ್ಲಿ ಗೂಗಲ್‌ನ ಡಿಮಿಟ್ರಿ ವ್ಯುಕೊವ್ ಅದಕ್ಕೆ ಕ್ರಮ ತಂದರು: ಒಂದು ಸಿಸ್ಟಮ್ ಕರೆಯಲ್ಲಿ ಮೊದಲ ಬೇಡಿಕೆಯನ್ನು ಸೋಲಿಸಿ ನೋಡು, ಆಮೇಲೆ ಅದೇ ಕರೆಯನ್ನು ಮತ್ತೆ ಮಾಡಿ ಎರಡನೆಯದನ್ನು, ಆಮೇಲೆ ಮೂರನೆಯದನ್ನು, ಸೋಲಿಸಲು ಏನೂ ಉಳಿಯದ ತನಕ. ಗೋಟು ಮೆಟ್ಟಿಲುಗಳ ಪ್ರತಿಯೊಂದು ಹಂತಕ್ಕೂ ಹೀಗೆ ಒಮ್ಮೆಯಾದರೂ ಕಾಲಿಟ್ಟಂತಾಗುತ್ತದೆ. ಅವರೇ 2015ರಲ್ಲಿ ಶುರು ಮಾಡಿದ್ದ ಸಿಜ್‌ಕಾಲರ್ ಎಂಬ ಪರೀಕ್ಷಾ ಯಂತ್ರ ಈ ಉಪಾಯವನ್ನು ಹಗಲಿರುಳು ಬಳಸುತ್ತ ಬಂದಿದೆ. ಅದು ಹೊರಗೆಳೆದ ದೋಷಗಳಲ್ಲಿ ಎಷ್ಟೋ ವರ್ಷಗಳಿಂದ ಅನೇಕರ ಕಣ್ಣೆದುರೇ ಇದ್ದು ಯಾರಿಗೂ ಕಾಣದವೂ ಸೇರಿದ್ದವು.

ಮೆಮೊರಿ ಬೇಡಿಕೆಯನ್ನಷ್ಟೇ ಅಲ್ಲ, ಯಾವುದೇ ಫಂಕ್ಷನ್ನನ್ನು ಸೋಲಿಸಬೇಕೆಂದರೆ ಓಡುತ್ತಿರುವ ಕರ್ನೆಲ್ಲಿನ ನಡುವೆ ಕೈಹಾಕಬೇಕು. ಆ ಕೈ ಬಂದದ್ದು ಕೆಪ್ರೋಬ್ಸ್‌ನಿಂದ. ಕರ್ನೆಲ್ಲಿನ ಹೆಚ್ಚುಕಡಿಮೆ ಯಾವ ಸೂಚನೆಯ ಜಾಗದಲ್ಲಾದರೂ ಒಂದು ತಡೆ ನೆಟ್ಟು, ಓಟ ಅಲ್ಲಿಗೆ ಬಂದಾಗ ನಮ್ಮ ಕೋಡನ್ನು ಓಡಿಸಿ, ಆಮೇಲೆ ಮೂಲ ಓಟವನ್ನು ಮುಂದುವರಿಸುವ ಈ ಸಾಧನ 2004ರ ಲಿನಕ್ಸ್ 2.6.9ರಲ್ಲಿ ಸೇರಿತು. ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಕೆಲಸವಿದು. ಅದರಲ್ಲಿ ಬೆಂಗಳೂರಿನ ತಂಡದ ಪಾಲು ದೊಡ್ಡದು. 2006ರಲ್ಲಿ ಒಟ್ಟಾವದ ಲಿನಕ್ಸ್ ಸಮ್ಮೇಳನದಲ್ಲಿ ಅದರ ಒಳಗುಟ್ಟನ್ನು ವಿವರಿಸಿದ ಪ್ರಬಂಧದ ಲೇಖಕರಲ್ಲಿ ಅನಂತ ಮಾವಿನಕಾಯನಹಳ್ಳಿ, ಪ್ರಸನ್ನ ಪಂಚಮುಖಿ ಇದ್ದರು. ಅವರು ಕಟ್ಟಿದ್ದು ಕರ್ನೆಲ್ಲನ್ನು ನಿಲ್ಲಿಸದೆ ಅದರೊಳಗೆ ಇಣುಕುವುದಕ್ಕೆ. ಹದಿನಾಲ್ಕು ವರ್ಷಗಳ ನಂತರ, 2018ರ ಏಪ್ರಿಲ್‌ನ ಲಿನಕ್ಸ್ 4.16ರಲ್ಲಿ, ಅದರ ಮೇಲೆಯೇ ಫಂಕ್ಷನ್‌ಗಳನ್ನು ಬೇಕೆಂದೇ ಸೋಲಿಸುವ ಏರ್ಪಾಡು ಎದ್ದು ನಿಂತಿತು. ಅದರಲ್ಲಿ ನನಗೆ ಬಹಳ ಹಿಡಿಸುವ ಒಂದು ವಿವರವಿದೆ: ಸಿಕ್ಕಸಿಕ್ಕ ಫಂಕ್ಷನ್ನನ್ನು ಸೋಲಿಸಲು ಬಿಡುವುದಿಲ್ಲ. ಇದನ್ನು ಸೋಲಿಸಿದರೆ ಕರೆದವರು ಸಂಭಾಳಿಸಬಲ್ಲರು ಎಂದು ಬರೆದವರೇ ಕೋಡಿನಲ್ಲಿ ಗುರುತು ಹಾಕಿಕೊಟ್ಟ ಫಂಕ್ಷನ್‌ಗಳನ್ನು ಮಾತ್ರ. ಮನಸ್ಸಿನಲ್ಲಷ್ಟೇ ಇದ್ದ ಒಪ್ಪಂದ ಹೀಗೆ ಬರವಣಿಗೆಗೆ ಇಳಿಯಿತು, ಪರೀಕ್ಷೆಗೂ ಸಿಕ್ಕಿತು. ಬೆಂಗಳೂರಿನ ಅದೇ ಕೇಂದ್ರದಲ್ಲಿದ್ದ ಬಲ್ಬೀರ್ ಸಿಂಗ್ ಮುಂದಾಳಾಗಿ ಬರೆದ, 2008ರ 2.6.25ರಲ್ಲಿ ಬಂದ ಮೆಮೊರಿ ನಿಯಂತ್ರಕವನ್ನೂ ಇಲ್ಲಿ ನೆನೆಯಬೇಕು. ಪ್ರಕ್ರಿಯೆಗಳ ಒಂದು ಗುಂಪಿಗೆ ಇಷ್ಟೇ ಮೆಮೊರಿ ಎಂದು ಮಿತಿ ಹಾಕುವ ಆ ಏರ್ಪಾಡಿನಿಂದ, ಯಂತ್ರದಲ್ಲಿ ಬೇಕಾದಷ್ಟು ಇದ್ದರೂ ಒಬ್ಬರಿಗೆ ಸಿಗದೆ ಹೋಗುವುದು ದಿನನಿತ್ಯದ ಸಾಧ್ಯತೆಯಾಯಿತು. ಅಪರೂಪವೆಂಬ ನೆಪ ಅಲ್ಲಿಂದಾಚೆಗೆ ಇನ್ನಷ್ಟು ಸಡಿಲವಾಯಿತು.

ಮೂರನೆಯ ಆಕ್ಷೇಪ ನಾನು ಆಗ ಮುಂದಕ್ಕೆ ಹಾಕಿದ ಮಾತು: ಹಾಗಾದರೆ ಕುಳಿತು ಓದಿ ಪರಿಶೀಲಿಸುವುದಕ್ಕೆ ಬೆಲೆಯಿಲ್ಲವೆ? 2019ರ ಒಂದು ದೋಷ ಇದಕ್ಕೆ ನನ್ನ ವಾದದ ಎದುರು ನಿಲ್ಲುವ ಸಾಕ್ಷಿ. ಸಿವಿಇ-2019-6974 ಎಂಬ ಸಂಖ್ಯೆಯ ಆ ದೋಷ ಕೆವಿಎಂನಲ್ಲಿ ವರ್ಚುವಲ್ ಮೆಷಿನ್ನಿಗೆ ಒಂದು ಸಾಧನವನ್ನು ಸೃಷ್ಟಿಸುವ ಫಂಕ್ಷನ್ನಿನಲ್ಲಿತ್ತು. ಸಾಧನ ಬದುಕಿರುವಷ್ಟು ಕಾಲ ವರ್ಚುವಲ್ ಮೆಷಿನ್ ಕೂಡ ಬದುಕಿರಬೇಕು. ಅದಕ್ಕಾಗಿ ಸಾಧನ ಅದರ ಮೇಲೆ ಒಂದು ಹಕ್ಕನ್ನು ಎಣಿಕೆಗೆ ಹಾಕಿಕೊಳ್ಳುತ್ತದೆ. ಆ ಕೋಡ್ ಮೊದಲು ಸಾಧನದ ಗುರುತನ್ನು ಹೊರಗಿನ ಪ್ರೋಗ್ರಾಮಿನ ಕೈಗೆ ಸಿಗುವಂತೆ ಇಟ್ಟು, ಆಮೇಲೆ ಹಕ್ಕನ್ನು ಎಣಿಸುತ್ತಿತ್ತು. ಆ ಒಂದು ಕ್ಷಣದ ಸಂದಿನಲ್ಲಿ ಅದೇ ಪ್ರೋಗ್ರಾಮಿನ ಇನ್ನೊಂದು ಎಳೆ (ಥ್ರೆಡ್) ಆ ಗುರುತನ್ನು ಮುಚ್ಚಿಬಿಟ್ಟರೆ, ಇನ್ನೂ ಪಡೆಯದ ಹಕ್ಕನ್ನು ಬಿಟ್ಟುಕೊಟ್ಟಂತಾಗಿ ವರ್ಚುವಲ್ ಮೆಷಿನ್ನಿನ ಮೆಮೊರಿ ಬಳಕೆಯಲ್ಲಿರುವಾಗಲೇ ಬಿಡುಗಡೆಯಾಗುತ್ತಿತ್ತು. ಗೂಗಲ್‌ನ ಪ್ರಾಜೆಕ್ಟ್ ಜೀರೊ ತಂಡದ ಯಾನ್ ಹಾರ್ನ್ ಇದನ್ನು ಕಂಡುಹಿಡಿದರು. ಸೋಲನ್ನು ಹುಟ್ಟಿಸುವ ಯಾವ ಸಾಧನಕ್ಕೂ ಇದು ಸಿಕ್ಕುವಂಥದಲ್ಲ, ಏಕೆಂದರೆ ಇಲ್ಲಿ ಯಾವುದೂ ಸೋಲುವುದಿಲ್ಲ. ಕ್ರಮವೊಂದು ತಪ್ಪಿದೆ, ಅಷ್ಟೆ. ಪರಿಹಾರವನ್ನು ನೋಡಿ: ಹಕ್ಕನ್ನು ಮೊದಲು ಎಣಿಸಬೇಕು, ಆಮೇಲೆ ಗುರುತನ್ನು ಕೊಡಬೇಕು. ಹಾಗೆ ಮಾಡಿದ ಕೂಡಲೇ ಹೊಸದೊಂದು ವೈಫಲ್ಯದ ದಾರಿ ಹುಟ್ಟಿತು. ಗುರುತು ಕೊಡುವುದು ಸೋತರೆ, ಎಣಿಸಿಕೊಂಡ ಹಕ್ಕನ್ನು ವಾಪಸು ಮಾಡಬೇಕು. ಮೂಲ ಕೋಡ್ ತಪ್ಪು ಕ್ರಮದಲ್ಲಿದ್ದುದಕ್ಕೆ ಆ ಒಂದು ಸಾಲನ್ನು ಉಳಿಸುವ ಆಸೆಯೂ ಕಾರಣವಿರಬಹುದೆಂದು ನನ್ನ ಅನುಮಾನ. ಅದೇ ವರ್ಷ, ಹೀಗೆ ಎರವಲು ಪಡೆದ ಹಕ್ಕನ್ನು ಸೋಲಿನಲ್ಲಿ ಹಿಂದಿರುಗಿಸುವುದಕ್ಕೆಂದೇ ಕೆವಿಎಂನಲ್ಲಿ ಪ್ರತ್ಯೇಕವಾದ ಸಣ್ಣ ಫಂಕ್ಷನ್ ಸೇರಿತು.

ಇದರಿಂದ ತಿಳಿಯುವುದು ಓದುವುದರ ನಿಜವಾದ ಕೆಲಸ. ಈ ಸಾಲಿನಲ್ಲಿ ಸೋತರೆ ನಾವು ಏನೇನನ್ನು ಹಿಡಿದುಕೊಂಡಿದ್ದೇವೆ, ಅದರಲ್ಲಿ ಯಾವುದನ್ನು ಆಗಲೇ ಬೇರೆಯವರು ನೋಡಿಬಿಟ್ಟಿದ್ದಾರೆ ಎಂಬ ಪ್ರಶ್ನೆಗಳನ್ನು ಮನುಷ್ಯನೇ ಕೇಳಬೇಕು. ಗೆಸ್ಟಿನ ಮೆಮೊರಿಯ ಒಂದು ತುಂಡನ್ನು ತೆಗೆಯುವಾಗ ಅಥವಾ ಸರಿಸುವಾಗ ಕೆವಿಎಂ ಮೊದಲು ಹಳೆಯ ತುಂಡನ್ನು ಅಮಾನ್ಯವೆಂದು ಗುರುತಿಸಿ, ಅದರ ಜೋಡಣೆಗಳನ್ನೆಲ್ಲ ಅಳಿಸಿ, ಆಮೇಲೆ ಉಳಿದ ಸಿದ್ಧತೆಗೆ ಕೈಹಾಕುತ್ತದೆ. ಆ ಸಿದ್ಧತೆ ಸೋತರೆ ತಪ್ಪಿನ ಸಂಕೇತವನ್ನು ಹಿಂದಿರುಗಿಸಿದರೆ ಸಾಲದು, ಅಮಾನ್ಯ ಮಾಡಿದ ಹಳೆಯ ತುಂಡನ್ನು ಮತ್ತೆ ಮಾನ್ಯ ಮಾಡಬೇಕು. ಇಲ್ಲದಿದ್ದರೆ ಏನೂ ಬದಲಾಗಿಲ್ಲವೆಂದು ಹೊರಗೆ ಹೇಳಿ ಒಳಗೆ ಎಲ್ಲವನ್ನೂ ಬದಲಿಸಿದಂತೆ. ಏನಾಗಬೇಕು ಎಂಬುದನ್ನು ಓದು ಹೇಳುತ್ತದೆ. ಆಗುತ್ತಿದೆಯೇ ಎಂಬುದನ್ನು ಓಟ ಮಾತ್ರ ಹೇಳುತ್ತದೆ. ಲಿನಕ್ಸ್‌ನಲ್ಲಿ ಓದು ಮೊದಲಿನಿಂದಲೂ ಇತ್ತು, ನುರಿತ ಕಣ್ಣುಗಳೂ ಇದ್ದವು. ಆದರೂ ಶೇಕಡಾ 13ರ ಲೆಕ್ಕ ಬಂದದ್ದು ಅದೇ ಕಣ್ಣುಗಳು ಕಾಯುತ್ತಿದ್ದ ಕೋಡಿನಿಂದ.

ಭಾಷೆ ಬದಲಿಸಿದರೆ ಈ ತಾಪತ್ರಯವೇ ಇಲ್ಲವೆನ್ನುವವರೂ ಇದ್ದಾರೆ. 2022ರ ಡಿಸೆಂಬರಿನ 6.1ರಲ್ಲಿ ಕರ್ನೆಲ್ಲಿಗೆ ಕಾಲಿಟ್ಟ ರಸ್ಟ್ ಭಾಷೆಯಲ್ಲಿ ವೈಫಲ್ಯದ ಸಂಕೇತವನ್ನು ಸದ್ದಿಲ್ಲದೆ ಬಿಸಾಡುವುದು ಕಷ್ಟ, ಹಿಡಿದದ್ದು ತಾನಾಗಿ ಬಿಡುಗಡೆಯಾಗುತ್ತದೆ. ಸಿ ಭಾಷೆಯ ಕೋಡಿಗೂ 2023ರಲ್ಲಿ ಪೀಟರ್ ಜೈಲ್‌ಸ್ಟ್ರಾ ಅಂಥದೇ ತಾನಾಗಿ ಬಿಡುವ ಉಪಾಯ ತಂದರು. ಇವು ನಿಜವಾದ ಸುಧಾರಣೆಗಳು, ಮೆಟ್ಟಿಲು ತಪ್ಪುವ ಬಗೆಯ ತಪ್ಪುಗಳನ್ನು ಬಹುಮಟ್ಟಿಗೆ ಅಳಿಸುತ್ತವೆ. ಆದರೆ 2021ರಲ್ಲಿ ರಸ್ಟ್‌ನ ಮೊದಲ ಕರಡು ಬಂದಾಗ ಟೊರ್ವಾಲ್ಡ್ಸ್ ತೆಗೆದ ಮುಖ್ಯ ತಕರಾರನ್ನು ಮರೆಯಬಾರದು: ಮೆಮೊರಿ ಸಿಗದಿದ್ದರೆ ಓಟವನ್ನೇ ನಿಲ್ಲಿಸುವ ಆ ಭಾಷೆಯ ರೂಢಿ ಕರ್ನೆಲ್ಲಿಗೆ ಒಗ್ಗದು ಎಂಬುದು ಅದು. ಹೊಸ ಭಾಷೆಯೂ ರಿಚಿಯ ಕಾಲದ ತೀರ್ಮಾನವನ್ನೇ ಜೊತೆಗೆ ತಂದಿತ್ತು, ಅದನ್ನು ತಿದ್ದಬೇಕಾಯಿತು. ಮೆಮೊರಿಯ ಹಳೆಯ ತುಂಡನ್ನು ಮತ್ತೆ ಮಾನ್ಯ ಮಾಡಬೇಕೆಂಬ ಜ್ಞಾನ ಯಾವ ಭಾಷೆಗೂ ತಾನಾಗಿ ಇರುವುದಿಲ್ಲ. ಬಿಡುವುದನ್ನು ಭಾಷೆ ಕಲಿಯಬಲ್ಲುದು, ಹಿಂದಿನ ಸ್ಥಿತಿಗೆ ಮರಳಿಸುವುದನ್ನು ಬರೆಯುವವರೇ ಕಲಿಯಬೇಕು.

ಈ ಮಾತಿಗೆ ಬೆಂಗಳೂರಿನ ಇನ್ನೊಂದು ಕೆಲಸ ಒಳ್ಳೆಯ ಉದಾಹರಣೆ. ಐಬಿಎಂನ ಭರತ ಬಿ. ರಾವ್ ಬರೆದು 2019ರ ಕೊನೆಗೆ ಕರ್ನೆಲ್ಲಿಗೆ ಸೇರಿದ ಕೋಡ್, ಪವರ್ ಚಿಪ್ಪಿನ ಯಂತ್ರಗಳಲ್ಲಿ ಹೋಸ್ಟಿಗೂ ಓದಲಾಗದ ಸುರಕ್ಷಿತ ಗೆಸ್ಟ್‌ಗಳನ್ನು ನಡೆಸುವುದಕ್ಕೆ. ಗೆಸ್ಟ್ ಸಾಮಾನ್ಯವಾಗಿ ಶುರುವಾಗಿ, ಸುರಕ್ಷಿತವಾಗಲು ಕೇಳಿಕೊಳ್ಳುತ್ತದೆ. ಆಗ ಅದರ ಪೇಜುಗಳು ಒಂದೊಂದಾಗಿ ಸಾಮಾನ್ಯ ಮೆಮೊರಿಯಿಂದ ಸುರಕ್ಷಿತ ಮೆಮೊರಿಗೆ ಸಾಗುತ್ತವೆ. ಅರ್ಧ ದಾರಿಯಲ್ಲಿ ಸುರಕ್ಷಿತ ಮೆಮೊರಿ ಮುಗಿದರೆ, ಅಥವಾ ಗೆಸ್ಟಿನ ದೃಢೀಕರಣ ಸರಿಹೊಂದದಿದ್ದರೆ, ಕೆಲವು ಪೇಜುಗಳು ಅಲ್ಲಿ, ಕೆಲವು ಇಲ್ಲಿ. ಈ ಸ್ಥಿತಿಯಿಂದ ಹಿಂದೆ ಸರಿಯುವುದಕ್ಕೆಂದೇ ಒಂದು ಕರೆಯನ್ನು ಮುಂದಿನ ಆವೃತ್ತಿಯಲ್ಲಿ, 2020ರಲ್ಲಿ, ಸೇರಿಸಲಾಯಿತು. ಅದರ ದಾಖಲೆಯಲ್ಲಿ ಒಂದು ವಿಶೇಷವಿದೆ: ಹಿಂದಿನ ಸ್ಥಿತಿಯನ್ನು ಯಶಸ್ವಿಯಾಗಿ ಶುಚಿ ಮಾಡಿದಾಗ ಆ ಕರೆ ಹಿಂದಿರುಗಿಸುವುದು ತಪ್ಪಿನ ಸಂಕೇತವನ್ನು. ಆ ಸಂಕೇತ ಗೆಸ್ಟಿಗೆ ತಲುಪಿ, ನೀನು ಕೇಳಿದ್ದು ಆಗಲಿಲ್ಲ ಎಂದು ತಿಳಿಸಬೇಕಲ್ಲ. ಒಳಗಿನ ಕೆಲಸ ಗೆದ್ದದ್ದಕ್ಕೂ ಹೊರಗಿನ ಕೋರಿಕೆ ಸೋತದ್ದಕ್ಕೂ ನಡುವಿನ ಈ ವ್ಯತ್ಯಾಸವನ್ನು ಗೊಂದಲವಿಲ್ಲದೆ ಬರೆದಿಡುವುದು ದೊಡ್ಡ ಕೆಲಸ. ಪರಿಶೀಲಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಹೊರಗೆ ಏನು ಹೇಳಬೇಕು ಎಂಬ ಪ್ರಶ್ನೆ ಮುಖ್ಯ ಕೆವಿಎಂನಲ್ಲಿ ತಡವಾಗಿ ಮೇಲೆದ್ದಿತು. ಗೆಸ್ಟ್ ಮುಟ್ಟಿದ ಪೇಜನ್ನು ಒದಗಿಸಲಾಗದಿದ್ದರೆ ಬಹುಕಾಲ ಅದು ಹೊರಗಿನ ಪ್ರೋಗ್ರಾಮಿಗೆ ವಿಳಾಸ ಕೆಟ್ಟಿದೆ ಎಂಬ ಒಂದೇ ಸಂಖ್ಯೆಯನ್ನು ಕೊಡುತ್ತಿತ್ತು, ಯಾವ ವಿಳಾಸ ಎಂದು ಹೇಳುತ್ತಿರಲಿಲ್ಲ. ಅದನ್ನು ಪಡೆದ ಪ್ರೋಗ್ರಾಮಿಗೆ ಗೆಸ್ಟನ್ನು ಕೈಬಿಡುವುದಲ್ಲದೆ ಬೇರೆ ದಾರಿ ಹೆಚ್ಚು ಇರಲಿಲ್ಲ. 2024ರ ಮಾರ್ಚಿನ 6.8ರಲ್ಲಿ, ಗೆಸ್ಟಿನ ಖಾಸಗಿ ಮೆಮೊರಿಯನ್ನು ಪ್ರತ್ಯೇಕವಾಗಿ ಇಡುವ ಹೊಸ ಏರ್ಪಾಡಿನ ಜೊತೆಗೆ, ಮೆಮೊರಿ ವೈಫಲ್ಯವಾದ ವಿಳಾಸವನ್ನೂ ಅಳತೆಯನ್ನೂ ಸಂಖ್ಯೆಯ ಜೊತೆಗೇ ದಾಟಿಸುವ ಕ್ರಮ ಬಂತು. ಪ್ರೋಗ್ರಾಮ್ ಆ ಪೇಜನ್ನು ಸರಿಪಡಿಸಿ ಗೆಸ್ಟನ್ನು ಮುಂದುವರಿಸಬಹುದು. ಆದರೆ ಆ ವಿವರ ಎಲ್ಲ ವೈಫಲ್ಯದ ದಾರಿಗಳಿಂದಲೂ ಬರುತ್ತಿರಲಿಲ್ಲ. ಹಳೆಯ ಹಲವು ಕಡೆಗಳಿಂದ ಆ ಆವೃತ್ತಿಯಲ್ಲೂ ಬರಿಯ ಸಂಖ್ಯೆಯೇ ಹೊರಬರುತ್ತಿತ್ತು, ಅವುಗಳನ್ನು ಒಂದೊಂದಾಗಿ ಹುಡುಕಿ ತುಂಬಬೇಕಾದ ಕೆಲಸ ಬಾಕಿ ಉಳಿದಿತ್ತು.